ಹಾಜರಿ ಪುಸ್ತಕವೇ ಪರಮ ಸಾಕ್ಷಿ

ಕನಕಪುರ ಸೀಮೆಯಲ್ಲಿ ಜ್ವರ ಬಾರದ, ಸಾಲ ಕೇಳದ, ಹಬ್ಬಕ್ಕೂ ತಿಥಿಗೂ ರಜೆ ಹಾಕದ ಕೂಲಿಯಾಳನ್ನು ನೋಡುವ ಆಸೆಯಿದ್ದರೆ ಯಾವುದಾದರೂ ಕಾರ್ಖಾನೆಯ ಹಾಜರಿ ಪುಸ್ತಕ ತೆರೆಯಿರಿ. ಅದರೊಳಗಿನ ಜನ ಸರಿಯಾಗಿ ಒಂಬತ್ತಕ್ಕೆ ಬರುತ್ತಾರೆ, ಐದಕ್ಕೆ ಮನೆಗೆ ಹೊರಡುತ್ತಾರೆ. ಭಾನುವಾರ ತಪ್ಪದೆ ವಿಶ್ರಮಿಸುತ್ತಾರೆ. ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಯನ್ನು ಪೈಸೆ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಎಣಿಸಿಕೊಂಡು, ಎಲ್ಲರೂ ಒಂದೇ ಪೆನ್ನಿನಲ್ಲಿ, ಹೆಚ್ಚುಕಡಿಮೆ ಒಂದೇ ಅಕ್ಷರದಲ್ಲಿ ರುಜು ಹಾಕುತ್ತಾರೆ. ಈ ಆದರ್ಶ ಗ್ರಂಥವನ್ನು ಪಾರಾಯಣ ಮಾಡಿ, ಕೊನೆಯ ಪುಟಕ್ಕೆ ಮೊಹರು ಒತ್ತಿ, ಸತ್ಯ ಕಂಡೆನೆಂದು ವರದಿ ಬರೆಯುವುದು ಲೇಬರ್ ಇನ್‌ಸ್ಪೆಕ್ಟರ್ ಸಾಹೇಬರ ಕೆಲಸ.

ಪೊಲೀಸ್ ಇನ್‌ಸ್ಪೆಕ್ಟರಿಗೂ ಇವರಿಗೂ ಇರುವುದು ಹೆಸರಿನ ನಂಟಷ್ಟೆ. ಇವರಿಗೆ ಲಾಠಿಯಿಲ್ಲ, ಸಮವಸ್ತ್ರವಿಲ್ಲ, ಲಾಕಪ್ಪಿಲ್ಲ. ಇವರು ಹಿಡಿಯಬೇಕಾದದ್ದು ಕಳ್ಳನನ್ನಲ್ಲ, ಬಾಕಿಯನ್ನು. ಕೂಲಿ ಬಾಕಿ, ಓಟಿ ಬಾಕಿ, ಬೋನಸ್ ಬಾಕಿ. ಕಳ್ಳನಾದರೆ ಓಡುತ್ತಾನೆ, ಓಡಿದವನು ಒಂದಲ್ಲ ಒಂದು ದಿನ ಸುಸ್ತಾಗುತ್ತಾನೆ. ಬಾಕಿ ಇದ್ದಲ್ಲೇ ಇರುತ್ತದೆ. ಸುಸ್ತಾಗುವುದು ಕೇಳುವವನಿಗೆ.

ಈ ಹುದ್ದೆಗೆ ವಂಶಾವಳಿಯೇನೋ ದೊಡ್ಡದಿದೆ. 1833ರಲ್ಲಿ ಇಂಗ್ಲೆಂಡಿನ ಗಿರಣಿಗಳಲ್ಲಿ ಮಕ್ಕಳು ಸವೆಯುತ್ತಿದ್ದಾಗ ಅಲ್ಲಿನ ಸರ್ಕಾರ ಇಡೀ ದೇಶಕ್ಕೆ ನಾಲ್ಕು ಜನ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಸಿಬ್ಬಂದಿ ಕೊರತೆ ಎಂಬುದು ಈ ಇಲಾಖೆಗೆ ಹುಟ್ಟಿನಿಂದಲೇ ಬಂದ ಗುಣ, ಅದಕ್ಕೆ ನಮ್ಮವರನ್ನು ಬೈದು ಪ್ರಯೋಜನವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 81ನೇ ಒಡಂಬಡಿಕೆಯನ್ನು ಭಾರತ 1949ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ನಿರೀಕ್ಷಕರು ಮುನ್ಸೂಚನೆ ಕೊಡದೆ, ಹಗಲಿರಲಿ ರಾತ್ರಿಯಿರಲಿ, ಕೆಲಸದ ಜಾಗಕ್ಕೆ ನುಗ್ಗಿ ನೋಡಬಹುದು. ಮರಳವಾಡಿ ಹೋಬಳಿಯಲ್ಲಿ ಈ ಅಧಿಕಾರವನ್ನು ಇವತ್ತಿಗೂ ಚಾಚೂ ತಪ್ಪದೆ ಚಲಾಯಿಸುತ್ತಿರುವುದು ಬನ್ನೇರುಘಟ್ಟ ಕಾಡಿನ ಆನೆಗಳು ಮಾತ್ರ. ಅವು ನೋಟಿಸ್ ಕೊಡುವುದಿಲ್ಲ, ಎಳನೀರು ಕುಡಿಯುತ್ತಾ ಕೂರುವುದಿಲ್ಲ, ಪುಸ್ತಕ ತನ್ನಿ ಅನ್ನುವುದಿಲ್ಲ. ನೇರ ಹೊಲಕ್ಕಿಳಿದು ಸ್ಥಳ ಪರಿಶೀಲನೆ ಮುಗಿಸಿ, ಬೆಳಗಾಗುವುದರೊಳಗೆ ಕಾಡು ಸೇರುತ್ತವೆ.

ಸಾಹೇಬರ ಬರವು ಹಾಗಲ್ಲ. ಅವರ ಬೈಕು ಹಾರೋಹಳ್ಳಿ ದಾಟುವ ಹೊತ್ತಿಗೆ ಮರಳವಾಡಿಯ ಕಡೆ ಫೋನು ಬಡಿದುಕೊಳ್ಳುತ್ತದೆ. “ಬತ್ತಾವ್ರೆ ಕಣಣ್ಣ, ಒಬ್ರೇ ಅವ್ರೆ.” ಅಷ್ಟೇ ಸಾಕು. ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಬೇಸಿನ್ನುಗಳ ಮುಂದೆ ನಿಂತಿದ್ದವರ ಪೈಕಿ ಯಾರು ಇರಬೇಕು, ಯಾರು ಹಿಂದಿನ ಹಿಪ್ಪುನೇರಳೆ ತೋಟ ನೋಡಿಕೊಂಡು ಬರಬೇಕು ಎಂಬುದು ತೀರ್ಮಾನವಾಗುತ್ತದೆ. ಸಾಹೇಬರು ಒಳಗೆ ಕಾಲಿಡುವಾಗ ಬಿಸಿನೀರಿನ ಆವಿ, ಬೆಂದ ಹುಳುವಿನ ನಾತ, ಮಾಲೀಕರ ಕೈಮುಗಿತ ಮೂರೂ ಒಟ್ಟಿಗೇ ಎದುರಾಗುತ್ತವೆ. ಮೊದಲ ಎರಡಕ್ಕೆ ವರದಿಯ ನಮೂನೆಯಲ್ಲಿ ಕಾಲಂ ಇಲ್ಲ.

ಸಾಹೇಬರ ಕಣ್ಣಿನ ದೋಷವೆಂದು ಯಾರೂ ಅಂದುಕೊಳ್ಳಬಾರದು. ರಾಮನಗರ, ಮಾಗಡಿ ಕಡೆಯ ರೇಷ್ಮೆ ಘಟಕಗಳಲ್ಲಿ ಮುಂಗಡಕ್ಕೆ ಸಿಕ್ಕ ಮಕ್ಕಳು ಕುದಿಯುವಂಥ ನೀರಿಗೆ ಕೈ ಅದ್ದುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿ ಬರೆಯಿತು, ಸಾಲದೆಂದು 2003ರಲ್ಲಿ ಮತ್ತೆ ಬರೆಯಿತು. ನ್ಯೂಯಾರ್ಕಿನಲ್ಲಿ ಕಚೇರಿ ಇಟ್ಟುಕೊಂಡವರಿಗೆ ಮಾಗಡಿಯ ಮಗುವಿನ ಬೊಬ್ಬೆ ಕಂಡಿತು, ಪಕ್ಕದ ಬೀದಿಯ ಕಚೇರಿಗೆ ಕಾಣಲಿಲ್ಲ. ಕೆಲವರಿಗೆ ದೂರದ್ದು ಕಾಣುತ್ತದೆ, ಕೆಲವರಿಗೆ ಹತ್ತಿರದ್ದು. ಇಲಾಖೆಗೆ ಕಾಣುವುದು ದಾಖಲಾದದ್ದು.

ಕಾನೂನೂ ಆಗ ಮಾಲೀಕರ ಮನೆಯವರಷ್ಟೇ ಪ್ರೀತಿಯಿಂದ ನಡೆದುಕೊಂಡಿತು. 1986ರ ಬಾಲಕಾರ್ಮಿಕ ಕಾಯ್ದೆ ಮನೆಮಂದಿಯ ನೆರವಿನಿಂದ ನಡೆಯುವ ಕೆಲಸವನ್ನು ನಿಷೇಧದಿಂದ ಹೊರಗಿಟ್ಟಿತ್ತು. ಆಮೇಲೆ ಕೇಳಬೇಕೆ? “ನಮ್ಮಕ್ಕನ ಮಗ ಸಾ, ರಜಕ್ಕೆ ಬಂದವ್ನೆ.” ಜಾತಿ ಬೇರೆ, ಊರು ಬೇರೆ, ಕೆಲವೊಮ್ಮೆ ಭಾಷೆಯೂ ಬೇರೆ. ಅಕ್ಕ ಮಾತ್ರ ಒಬ್ಬಳೇ. 2016ರ ತಿದ್ದುಪಡಿ ಹದಿನಾಲ್ಕರ ಕೆಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಕಸುಬುಗಳಲ್ಲೂ ನಿಷೇಧಿಸಿತು. ಆದರೆ ಶಾಲೆ ಬಿಟ್ಟ ಮೇಲೆ, ಅಪಾಯವಿಲ್ಲದ ಮನೆಯವರ ಉದ್ಯಮಕ್ಕೆ ಕೈ ಹಚ್ಚಬಹುದೆಂದು ಬಾಗಿಲು ತೆರೆದಿಟ್ಟು, ಮನೆಯವರೆಂದರೆ ಯಾರೆಂದೂ ತಾನೇ ಬಿಡಿಸಿ ಹೇಳಿತು: ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರ ಜೊತೆಗೆ ಅಪ್ಪನ ಒಡಹುಟ್ಟಿದವರು, ಅಮ್ಮನ ಒಡಹುಟ್ಟಿದವರು. ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ ಎಲ್ಲರೂ ಗೆಜೆಟ್ಟಿಗೆ ಹತ್ತಿದರು. ಅವಿಭಕ್ತ ಕುಟುಂಬ ಒಡೆದುಹೋಯಿತೆಂದು ಕೊರಗುವ ನಮ್ಮ ಸಮಾಜಶಾಸ್ತ್ರಜ್ಞರು ಒಮ್ಮೆ ಈ ಕಡೆ ಬಂದು ನೋಡಬೇಕು.

ಇಷ್ಟರ ಮೇಲೂ ಯಾರಾದರೂ ಸಿಕ್ಕಿಬಿದ್ದರೆ? 1948ರ ಕನಿಷ್ಠ ವೇತನ ಕಾಯ್ದೆ ಆರು ತಿಂಗಳವರೆಗಿನ ಸಜೆ ಅಥವಾ 500 ರೂಪಾಯಿವರೆಗಿನ ದಂಡವೆಂದು ಹೆದರಿಸುತ್ತಿತ್ತು. ಚಿನ್ನ ಏರಿತು, ಗೂಡಿನ ದರ ಏರಿ ಇಳಿದು ಮತ್ತೆ ಏರಿತು, ಈ 500 ರೂಪಾಯಿ ಮಾತ್ರ ಸ್ಥಿತಪ್ರಜ್ಞನಂತೆ ಕೂತಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಅದಕ್ಕೆ ಮುಕ್ತಿ ಕೊಟ್ಟವು. ಈಗ ಕಡಿಮೆ ಕೂಲಿ ಕೊಟ್ಟವನಿಗೆ ದಂಡ 50,000 ರೂಪಾಯಿವರೆಗೆ. ಎದೆ ಒಡೆದುಕೊಳ್ಳಬೇಡಿ. ಮೊದಲ ತಪ್ಪಾದರೆ ಗರಿಷ್ಠ ದಂಡದ ಅರ್ಧ ಕಟ್ಟಿ ರಾಜಿ ಮಾಡಿಕೊಳ್ಳುವ ದಾರಿಯಿದೆ. ಹೆಲ್ಮೆಟ್ಟಿಲ್ಲದೆ ಸಿಕ್ಕವರಿಗೆ ಕೊಟ್ಟ ಶೇ 50ರ ರಿಯಾಯಿತಿಯನ್ನು ಕೂಲಿ ನುಂಗಿದವರಿಗೆ ಕೊಡದಿದ್ದರೆ ಸಮಾನತೆಗೆ ಎಲ್ಲಿಯ ಬೆಲೆ?

ಸಾಹೇಬರ ಬೋರ್ಡೂ ಬದಲಾಗಿದೆ. ಇನ್ನು ಮೇಲೆ ಅವರು ಬರೀ ಇನ್‌ಸ್ಪೆಕ್ಟರ್ ಅಲ್ಲ, ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’. ತಪ್ಪು ಹುಡುಕುವುದರ ಜೊತೆಗೆ ಮಾಲೀಕರಿಗೂ ಕಾರ್ಮಿಕರಿಗೂ ಸಲಹೆ ಕೊಡಬೇಕು. ಹಲವು ಉಲ್ಲಂಘನೆಗಳಿಗೆ, ಮೊಕದ್ದಮೆಗೆ ಮೊದಲು, ಇಂತಿಷ್ಟು ದಿನದಲ್ಲಿ ಸರಿಪಡಿಸಿಕೊಳ್ಳಿ ಎಂದು ಬರೆದುಕೊಡಬೇಕು. ಯಾವ ಘಟಕಕ್ಕೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳಬಹುದು. ಇನ್‌ಸ್ಪೆಕ್ಟರ್ ಕಾಟ ತಪ್ಪಿತೆಂದು ಉದ್ಯಮಿಗಳ ಸಭೆಗಳಲ್ಲಿ ಚಪ್ಪಾಳೆ. ಕಾಟವೇನೂ ಸುಳ್ಳಲ್ಲ. ಕವರಿಗೆ ಕಾದು ಕೂತ ಸಾಹೇಬರನ್ನು ಕಂಡವರು ಈ ಸೀಮೆಯಲ್ಲೂ ಇದ್ದಾರೆ. ಆದರೆ ಕವರು ಬೇಡುವ ಕೈಯನ್ನು ಹಿಡಿಯುವ ಬದಲು, ಬಾಗಿಲು ತಟ್ಟುವ ಕೈಯನ್ನೇ ಕಟ್ಟುವುದು ನಮಗೆ ಸಲೀಸಾಯಿತು.

ಲೆಕ್ಕವೂ ದೊಡ್ಡದಾಯಿತು. ಮೊದಲು ವಿದ್ಯುತ್ ಬಳಸಿ ಹತ್ತು ಜನ ದುಡಿದರೆ ಅದು ಕಾರ್ಖಾನೆ. ಈಗ ಇಪ್ಪತ್ತು. ಹಿಂದೆ ಎಲ್ಲ ಶೆಡ್ಡುಗಳಲ್ಲೂ ಒಂಬತ್ತೇ ಜನ ಇರುತ್ತಿದ್ದುದು ಹೇಗೆಂದು ತಲೆ ಕೆಡಿಸಿಕೊಂಡವರು ಇನ್ನು ಹತ್ತೊಂಬತ್ತರ ಪವಾಡ ನೋಡಲಿ.

ಹಾಗಾದರೆ ಸಾಹೇಬರಿಗೆ ಕೆಲಸವೇ ಇಲ್ಲವೇ? ಉಂಟು. ಕಚೇರಿಯ ಮುಂದೆ ಬೆಳಿಗ್ಗೆಯಿಂದ ಸರತಿ ನಿಂತಿದೆಯಲ್ಲ, ಅವರ ತನಿಖೆ. ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗಿನವರು, ಬಣ್ಣ ಬಳಿಯುವವರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಬೇಕಾದವನು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದೃಢೀಕರಣ ತರಬೇಕು. ಯಾರಿಂದ? ದುಡಿಸಿಕೊಂಡವನಿಂದಲೂ ತರಬಹುದು. ದುಡಿಸಿಕೊಂಡವನು ಮೇಸ್ತ್ರಿಯನ್ನು ತೋರಿಸುತ್ತಾನೆ, ಮೇಸ್ತ್ರಿ ಫೋನೆತ್ತುವುದಿಲ್ಲ. ಇದೇ ಸಾಲಿನಲ್ಲಿ, ಇಟ್ಟಿಗೆ ಮುಟ್ಟಿಯೂ ನೋಡದ ಅಂಗಡಿಯವರು ಬೋಗಸ್ ಕಾರ್ಡು ಹಿಡಿದು ಮಗಳ ಸ್ಕಾಲರ್‌ಶಿಪ್ಪು ವಿಚಾರಿಸುತ್ತಿರುತ್ತಾರೆ. ಅವರ ಕಾಗದ ಮಾತ್ರ ಒಂದೂ ತಪ್ಪಿರುವುದಿಲ್ಲ.

ಕಾನೂನು ಹೇಳುವುದು ಬೇರೆಯೇ. ಕೂಲಿ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಮಾಲೀಕನದು ಎನ್ನುತ್ತದೆ ವೇತನ ಸಂಹಿತೆಯ 59ನೇ ಕಲಂ. 1976ರ ಜೀತ ನಿರ್ಮೂಲನ ಕಾಯ್ದೆಯ 15ನೇ ಕಲಮಿನ ಪ್ರಕಾರವೂ, ಇದು ಜೀತದ ಸಾಲವಲ್ಲವೆಂದು ತೋರಿಸಬೇಕಾದವನು ಸಾಲ ಕೊಟ್ಟವನೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೇ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು 1982ರಲ್ಲೇ, ಏಷ್ಯಾಡ್ ಕಟ್ಟಡಗಳ ಪ್ರಕರಣದಲ್ಲಿ, ಹೇಳಿಯಾಗಿದೆ. ದೆಹಲಿಯಿಂದ ಹೊರಟ ಈ ಹೊಣೆ ಯಾವ ಸ್ಟಾಪಿನಲ್ಲಿ ಇಳಿಯಿತೋ, ಮರಳವಾಡಿಗೆ ತಲುಪುವಾಗ ಕೂಲಿಯವಳ ತಲೆಯ ಮೇಲಿರುತ್ತದೆ. ವಿಳಾಸದ ಗೊಂದಲವೂ ಇರಬಹುದು. 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ತಾಲ್ಲೂಕೂ ಕನಕಪುರದಿಂದ ಹಾರೋಹಳ್ಳಿಗೆ ಬದಲಾಯಿತು. ಕೂಲಿ ಒಂದೇ ಹಳೆಯ ವಿಳಾಸದಲ್ಲಿದೆ.

ನಿನ್ನೆಮೊನ್ನೆಯ ಒಂದು ವಿಚಾರಣೆಯನ್ನು ಊಹಿಸಿಕೊಳ್ಳಿ. ಒಂದು ದಿನದ ಕೂಲಿ ಬಿಟ್ಟು, ಬಾಕಿ ಕೂಲಿ ಕೇಳಲು ಬಂದ ಹೆಂಗಸು. ಮೂರು ತಿಂಗಳಲ್ಲಿ ತೀರ್ಮಾನಿಸಲು ಅಧಿಕಾರಿ ಯತ್ನಿಸತಕ್ಕದ್ದು ಎಂದಿದೆ ಸಂಹಿತೆ. ಅಧಿಕಾರಿ ಯತ್ನಿಸುತ್ತಿದ್ದಾರೆ. ಮಾಲೀಕರ ಕಡೆಯವರು ಹಾಜರಿ ಪುಸ್ತಕ ಮುಂದಿಟ್ಟರು. ಹತ್ತೊಂಬತ್ತು ಹೆಸರು, ಹತ್ತೊಂಬತ್ತು ರುಜು. ಇವಳ ಹೆಸರಿಲ್ಲ.

“ನೋಡಮ್ಮ, ನೀನು ಅಲ್ಲಿ ಕೆಲಸ ಮಾಡಿದ್ದಕ್ಕೆ ಏನಾದ್ರೂ ದಾಖಲೆ ಇದ್ಯಾ?”

ಅವಳು ಕೈ ಚಾಚಿದಳು. ಬಿಸಿನೀರಿನಲ್ಲಿ ನೆನೆದು ಬಿರಿದ ಬೆರಳು. ಅಧಿಕಾರಿ ಅದನ್ನು ಪಕ್ಕಕ್ಕೆ ಸರಿಸಿದರು. “ಕಾಗದ ಇದ್ರೆ ಕೊಡು.”

ಅವಳು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದದ್ದು ಬಸ್ ಟಿಕೆಟ್ಟು. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರ ಕೊಡುತ್ತಿರುವ ಶೂನ್ಯ ದರದ ಟಿಕೆಟ್ಟು, ದಿನಕ್ಕೆರಡರಂತೆ. ಹೋದ ದಿನಾಂಕ, ಹೊತ್ತು, ಹತ್ತಿದ ಊರು, ಇಳಿದ ಊರು. ಭಾನುವಾರದವೂ ಇದ್ದವು. ಅವಳು ದುಡಿಯಲು ಹೋಗುತ್ತಿದ್ದಳೆಂಬುದಕ್ಕೆ ಸರ್ಕಾರವೇ ಅಚ್ಚು ಹಾಕಿ ಕೊಟ್ಟ ಏಕೈಕ ರಿಜಿಸ್ಟರು ಅದು.

ಅಧಿಕಾರಿ ಒಂದನ್ನೆತ್ತಿ, ಕನ್ನಡಕ ಏರಿಸಿ, ಹಿಂದೆಮುಂದೆ ತಿರುಗಿಸಿ ನೋಡಿದರು.

“ಇದ್ರಲ್ಲಿ ನಿನ್ನ ಹೆಸರೆಲ್ಲಿದೆ ತಾಯಿ?”