ಯಾರ ಮೇಲಾಣೆ?

ದೇವರು ಯಾರು ಎಂಬ ಪ್ರಶ್ನೆಗೆ 2023ರ ಕೊನೆಯಲ್ಲಿ ಕರ್ನಾಟಕ ಹೈಕೋರ್ಟು ಉತ್ತರ ಕೊಟ್ಟಿತು. ಋಷಿಮುನಿಗಳು ಗಡ್ಡ ಬೆಳೆಸಿಕೊಂಡು ಕೂತರೂ ಬಗೆಹರಿಯದ್ದನ್ನು ಒಂದು ಪಿಐಎಲ್ ಬಗೆಹರಿಸಿತು.

ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಪ್ರಮಾಣಕ್ಕಿರುವುದು ಎರಡೇ ದಾರಿ: ‘ದೇವರ ಹೆಸರಿನಲ್ಲಿ’, ಇಲ್ಲವೇ ‘ಸತ್ಯನಿಷ್ಠೆಯಿಂದ’. ಎರಡನೆಯದಕ್ಕೆ ನಮ್ಮಲ್ಲಿ ಗಿರಾಕಿ ಕಡಿಮೆ, ಕಾರಣ ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದು ಬಹಳ ಮಂದಿಗೆ ಸಾಲದು. 2021ರಲ್ಲಿ ಮಂತ್ರಿಯಾಗುವಾಗ ಪ್ರಭು ಚವ್ಹಾಣ್ ಗೋಮಾತೆಯನ್ನು ನೆನೆದರು. 2023ರ ಮೇ ತಿಂಗಳಲ್ಲಿ ಡಿ.ಕೆ. ಶಿವಕುಮಾರ್ ತಾವು ನಂಬಿದ ಗುರು ಗಂಗಾಧರ ಅಜ್ಜನ ಹೆಸರಲ್ಲಿ ಉಪಮುಖ್ಯಮಂತ್ರಿಯಾದರು. ಅದರ ಬೆನ್ನಿಗೇ ಚನ್ನಗಿರಿಯ ಶಾಸಕರು ಶಿವಕುಮಾರ್ ಹೆಸರನ್ನೇ ಹೇಳಿ ಪ್ರಮಾಣ ಮುಗಿಸಿದರು. ತಪ್ಪೇನಿಲ್ಲ, ಶಾಸಕರಿಂದ ಡಿಸಿಎಂಗೆ, ಡಿಸಿಎಂ ಅವರಿಂದ ಅಜ್ಜನಿಗೆ, ಕಡತ ಥ್ರೂ ಪ್ರಾಪರ್ ಚಾನೆಲ್ ಹೋಗಿದೆ.

ಇಂಥ ಪ್ರಮಾಣಗಳು ಊರ್ಜಿತವಲ್ಲ ಎಂದು ಒಬ್ಬರು ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆ ಅವರ ಪೀಠ ಅರ್ಜಿ ವಜಾ ಮಾಡಿತು. ಬುದ್ಧ, ಬಸವಣ್ಣ, ಅಂಬೇಡ್ಕರರಂಥವರನ್ನು ದೈವಾಂಶಸಂಭೂತರೆಂದು ಕಾಣುವುದುಂಟು, ಅನುಸೂಚಿಯ ‘ದೇವರು’ ಅಂದರೆ ಅದೂ ಸೇರಿತು, ದೇವನೊಬ್ಬ ನಾಮ ಹಲವು ಎಂದಿತು.

ಉದಾರವಾದ ತೀರ್ಪು, ಅರ್ಜಿಗಿಂತ ಎಷ್ಟೋ ವಾಸಿ. ಆದರೆ ಆ ಮೂವರನ್ನು ಒಂದು ಮಾತು ಕೇಳಬಹುದಿತ್ತು. ದೇವರ ವಿಷಯಕ್ಕೆ ಬಾಯಿ ಬಿಡದ ಬುದ್ಧ, ಸ್ಥಾವರವನ್ನು ಒಲ್ಲೆನೆಂದ ಬಸವಣ್ಣ. ಇನ್ನು ಅಂಬೇಡ್ಕರ್! ಪೀಠಿಕೆ ದೇವರ ಹೆಸರಿನಿಂದಲೇ ಶುರುವಾಗಲಿ ಎಂದು ಎಚ್.ವಿ. ಕಾಮತ್ ತಂದ ತಿದ್ದುಪಡಿಯನ್ನು ಸಂವಿಧಾನ ಸಭೆ 1949ರ ಅಕ್ಟೋಬರ್ 17ರಂದು ಮತಕ್ಕೆ ಹಾಕಿತು. ಪರ 41, ವಿರುದ್ಧ 68. ದೇವರು 27 ಮತಗಳಿಂದ ಸೋತ. ತಲೆಬಾಗಿಲಲ್ಲಿ ಪ್ರವೇಶ ಸಿಗದವನು ಹಿತ್ತಿಲ ಅನುಸೂಚಿಯಲ್ಲಿ ಉಳಿದುಕೊಂಡ. ಈಗ ಕರಡು ಸಮಿತಿಯ ಅಧ್ಯಕ್ಷರೇ ಆ ಅನುಸೂಚಿಯೊಳಗಿನ ದೇವರು.

ಹೈಕೋರ್ಟಿನ ತೀರ್ಪು ಬಂದ ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ, ಗಣಪತಿ ಪೂಜೆ ಲಿಂಗಾಯತ ಸಂಸ್ಕೃತಿಯದಲ್ಲ, ಸಮಾರಂಭಗಳು ವಚನದಿಂದ ಶುರುವಾಗಲಿ ಎಂದಿದ್ದರು. ಟೀವಿಯವರಿಗೆ ಹಬ್ಬ. ಬೆಂಗಳೂರಿನಲ್ಲಿ ದೇವರ ಪಟ್ಟಿ ಬೆಳೆಯುವ ಹೊತ್ತಿಗೆ ಇಲ್ಲಿ ಒಂದು ಹೆಸರು ಕಡಿಮೆಯಾಗಿತ್ತು.

ನಮ್ಮ ಹಳ್ಳಿಗಳಲ್ಲೂ ಆಣೆ ಉಂಟು. ಬದು ಒತ್ತಿದನೆಂಬ ದೂರು ಹೊತ್ತವನು ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲೇ ಗುಡಿ ಮುಂದೆ ನಿಂತು ಕರ್ಪೂರ ಆರಿಸಬೇಕು. ಯಾವ ದೇವರು ಎಂದು ಅಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ‘ಬದು ಒತ್ತಿದೆಯೋ ಇಲ್ಲವೋ, ಅದನ್ನು ಹೇಳು’ ಅನ್ನುತ್ತಾರೆ. ಕೈ ನಡುಗಿದರೆ ಕತೆ ಮುಗಿಯಿತು. ವಿಧಾನಸೌಧದಲ್ಲಿ ಕರ್ಪೂರವಿಲ್ಲ, ಎಸಿ ಇದೆ.

ಅಲ್ಲಿನ ಪ್ರಮಾಣಗಳ ಪೈಕಿ ನಮ್ಮ ಕಡೆಯದೇ ಒಂದು ಕತೆ ಕೇಳಿ. 2008ರಲ್ಲಿ 110 ಸ್ಥಾನ ಗೆದ್ದು ಬಹುಮತಕ್ಕೆ ತಡಕಾಡುತ್ತಿದ್ದ ಬಿಜೆಪಿಗೆ ಪಕ್ಷೇತರರು ಆಸರೆಯಾದರು. ಹೊಸದುರ್ಗದ ಗೂಳಿಹಟ್ಟಿ ಶೇಖರ್, ಹಿರಿಯೂರಿನ ಡಿ. ಸುಧಾಕರ್ ಇಬ್ಬರೂ ಮಂತ್ರಿಗಳಾದರು. 2010ರಲ್ಲಿ ಬೆಂಬಲ ವಾಪಸಾಯಿತು, ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು, 2011ರಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿತು. ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಲ್ಲ ಎಂಬುದು ಇತ್ಯರ್ಥವಾಯಿತು. ಇಷ್ಟೆಲ್ಲದರಲ್ಲಿ ಸರ್ಕಾರ ಏಳಲು, ಅಲುಗಾಡಲು ಯಾವ ದೇವರೂ ಕಾರಣನಾಗಿರಲಿಲ್ಲ ಎಂದು ಅವನ ಪರವಾಗಿ ದಾಖಲಿಸುತ್ತೇನೆ.

ಹೆಸರು ಹೇಳಿದ ಮೇಲೂ ಮಂತ್ರಿಯ ಪ್ರಮಾಣವಚನ ಮುಂದುವರಿಯುತ್ತದೆ. ಸಂವಿಧಾನಕ್ಕೆ ನಿಷ್ಠೆ, ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಲ್ಲರಿಗೂ ನ್ಯಾಯ, ಹೀಗೆ. ಆ ಹೊತ್ತಿಗೆ ಅಭಿಮಾನಿಗಳ ಶಿಳ್ಳೆ ಜೋರಾಗಿ ಏನೂ ಕೇಳಿಸುವುದಿಲ್ಲ. ಅಜ್ಜ ಸಲ್ಲುತ್ತಾನೋ ಇಲ್ಲವೋ ಎಂದು ಕೋರ್ಟಿಗೆ ಹೋದವರುಂಟು. ಪಕ್ಷಪಾತ ಮಾಡಿದಿರಿ, ಆಡಿದ ಪ್ರಮಾಣ ಎಲ್ಲಿ ಎಂದು ತಾಲ್ಲೂಕಿನ ಸಭೆಯಲ್ಲಿ ಎದ್ದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಮುಂದಿನ ಸಲ ಟೀವಿಯಲ್ಲಿ ಪ್ರಮಾಣವಚನ ಬಂದಾಗ, ಸ್ವಾಮಿ, ನಿಮ್ಮ ದೇವರ ಹೆಸರು ಬಂತೆಂದು ಚಪ್ಪಾಳೆ ತಟ್ಟಿ ಕಾಫಿಗೆ ಎದ್ದು ಹೋಗಬೇಡಿ. ವಾಕ್ಯ ಪೂರ್ತಿ ಕೇಳಿಸಿಕೊಳ್ಳಿ.