ಊರ್ಧ್ವಗವಾಕ್ಷ ಮಾರ್ಜನ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲಿಗೇ ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾದ್ದರಿಂದ, ನಾವೂ ಆ ಋಣವನ್ನು ತೀರಿಸಿಯೇ ಮುಂದುವರಿಯುತ್ತೇವೆ. ಏಣಿಯನ್ನೇರದೆ ನೆಲದ ಮೇಲೆಯೇ ನಿಂತು, ನೀಳವಾದ ಕೋಲಿನ ತುದಿಗೆ ರಬ್ಬರಿನ ಅಲಗುಳ್ಳ ಸ್ಕ್ವೀಜಿಯನ್ನು ಸಿಕ್ಕಿಸಿ, ಮಹಡಿಯ ಕಿಟಕಿಯ ಗಾಜಿನ ಹೊರಮೈಯನ್ನು ಶುಚಿಗೊಳಿಸುವುದು ವಿಷಯ. ಮೂಳೆ ಮುರಿಯದೆ ಮನೆಗೆ ಬೆಳಕು ಬರುವುದು ಪ್ರಯೋಜನ. ಅಲಗಿಗೂ ಗಾಜಿಗೂ ಇರುವುದು ಸಂಯೋಗ ಸಂಬಂಧ, ಅದೂ ಬಹುಮಟ್ಟಿಗೆ ಕ್ಷಣಿಕ. ಕತ್ತು ನೋಯುವವರೆಗೆ ಮೇಲೆ ನೋಡುತ್ತ ನಿಂತಿರಬಲ್ಲವನೂ ದಾರಿಹೋಕರ ಸಲಹೆಗಳಿಗೆ ಕಿವುಡನೂ ಆದವನು ಅಧಿಕಾರಿ.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ಒಳಗಿನಿಂದಲೇ ಕದ ತೆರೆದು ಕೈಚಾಚಿ ಒರೆಸಬಾರದೇಕೆ ಎಂದು ಕೇಳುತ್ತಾನೆ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಕಿಟಕಿಯನ್ನು ಈ ಮಹಾಶಯನು ಕಂಡಿಲ್ಲವೆಂದೇ ತೋರುತ್ತದೆ. ಅಲ್ಲಿ ಗಾಜಿನ ಕದಗಳು ಹೊರಕ್ಕೆ ತೆರೆಯುತ್ತವೆ. ಕಬ್ಬಿಣದ ಸರಳುಗಳು ಒಳಮಗ್ಗುಲಲ್ಲಿ ಚೌಕಟ್ಟಿಗೆ ನಾಟಿಕೊಂಡಿರುತ್ತವೆ. ಕದವನ್ನು ಪೂರ್ತಿ ತೆರೆದರೆ ಅದರ ಹೊರಮೈ ಗೋಡೆಗೆ ಮುಖಮಾಡಿ ನಿಲ್ಲುವುದು. ಅರ್ಧ ತೆರೆದರೆ, ಸರಳುಗಳ ನಡುವೆ ತೂರಿಸಿದ ಮುಂಗೈ ಕದದ ಅಂಚನ್ನು ಬಳಸಿಕೊಂಡು ನಾಲ್ಕು ಬೆರಳಗಲದ ಗಾಜನ್ನು ಮುಟ್ಟುವಷ್ಟರಲ್ಲಿ ಮೊಣಕೈ ಸಿಕ್ಕಿಕೊಳ್ಳುವುದು. ಮುಚ್ಚಿದರೆ ಮಾತೇ ಇಲ್ಲ. ಕಳ್ಳನಿಗೆಂದು ಹಾಕಿಸಿದ ಸರಳು ಕಳ್ಳನನ್ನು ತಡೆಯಿತೋ ಇಲ್ಲವೋ, ಒರೆಸುವ ಬಟ್ಟೆಯನ್ನಂತೂ ಎರಡು ತಲೆಮಾರುಗಳಿಂದ ತಡೆಯುತ್ತಲೇ ಬಂದಿದೆ. ಆದಕಾರಣ ಕೆಳಗಿನಿಂದಲೇ ಪ್ರಯತ್ನಿಸಬೇಕೆಂಬುದು ಅರ್ಥಾಪತ್ತಿಯಿಂದ ಸಿದ್ಧವಾಯಿತು.

ಇನ್ನು ಇತಿಹಾಸ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆಯಿದ್ದು, ಅನೇಕರು ಅವುಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ಟರು. ಒರೆಸುವ ಶ್ರಮವನ್ನು ಇಷ್ಟು ಬುಡಸಮೇತ ಕಿತ್ತೊಗೆದ ಉಪಾಯ ಪ್ರಪಂಚದಲ್ಲಿ ಇನ್ನೊಂದಿಲ್ಲ. ಎರಡೆರಡು ಅಲಗುಗಳನ್ನೂ ಹಲವಾರು ತಿರುಪುಗಳನ್ನೂ ಹೊತ್ತು ಭಾರವಾಗಿದ್ದ ಉಕ್ಕಿನ ಉಪಕರಣವನ್ನು ಬದಿಗೊತ್ತಿ, ಹಿತ್ತಾಳೆಯಲ್ಲಿ ಹಗುರವಾದ ಒಂದೇ ಅಲಗಿನ ಸ್ಕ್ವೀಜಿಯನ್ನು ಮಾಡಿ 1936ರಲ್ಲಿ ಪೇಟೆಂಟ್ ಪಡೆದವನು, ಇಟಲಿಯಿಂದ ವಲಸೆ ಹೋಗಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಕಿಟಕಿ ಒರೆಸುತ್ತಿದ್ದ ಎಟ್ಟೋರೆ ಸ್ಟೆಕ್ಕೋನೆ. ಅದೇ 1936ರಲ್ಲಿಯೇ ಅಟ್ಲಾಂಟಿಕ್ಕಿನ ಈಚೆ ದಡದಲ್ಲಿ ಜಾರ್ಜ್ ಫಾರ್ಂಬಿಯೆಂಬ ವಿನೋದಗಾಯಕನು, ಏಣಿಯ ಮೇಲಿನ ಕಿಟಕಿಗಾರನು ಗಾಜಿನಾಚೆ ಕಾಣಬಾರದ್ದನ್ನೆಲ್ಲ ಕಾಣುವ ಹಾಡನ್ನು ಹಾಡಿ ಜನರನ್ನು ನಗಿಸಿದನು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವ ಚಪಲ ನಮಗಿದ್ದರೂ, ಕಾಕತಾಲೀಯವೆಂದು ಬಿಟ್ಟಿದ್ದೇವೆ. ಎತ್ತರದ ಕೆಲಸವನ್ನು ತಪ್ಪಿಸಲು ಸಾಧ್ಯವಿದ್ದಲ್ಲಿ ತಪ್ಪಿಸತಕ್ಕದ್ದೆಂದು 2005ರಲ್ಲಿ ಬ್ರಿಟನ್ನಿನ ಸರಕಾರ ನಿಯಮ ಮಾಡಿದ ತರುವಾಯ ಅಲ್ಲಿ ನೀಳಗೋಲಿನ ಬಳಕೆ ಇನ್ನಷ್ಟು ಹಬ್ಬಿತು. ಒರೆಸುವವರ ಬೆನ್ನೆಲುಬು ಉಳಿಯಿತು, ಮಲಗುವ ಕೋಣೆಗಳ ಮಾನ ಉಳಿಯಿತು, ಫಾರ್ಂಬಿಯ ಹಾಡಿನ ವಸ್ತು ಮಾತ್ರ ನಷ್ಟವಾಯಿತು.

ಕೋಲಿನ ಪ್ರಕರಣಕ್ಕೆ ಬರೋಣ. ತರ್ಕಶಾಸ್ತ್ರದ ಬಾಲಪಾಠದಲ್ಲಿ ಮಡಕೆಗೆ ದಂಡವು ನಿಮಿತ್ತಕಾರಣವೆಂದು ಓದಿದವರು, ದಂಡವೆಂದರೆ ನೆಟ್ಟಗಿರುವ ವಸ್ತುವೆಂದು ನಂಬಿರುತ್ತಾರೆ. ಒಂದೇ ದಪ್ಪದ ಕೋಲನ್ನು ಒಂದು ತುದಿಯಲ್ಲಿ ಬಿಗಿಹಿಡಿದು ಅಡ್ಡವಾಗಿ ಚಾಚಿದಾಗ, ಅದರ ಉದ್ದ ಇಮ್ಮಡಿಯಾದರೆ, ಕೊನೆಯ ಭಾರಕ್ಕೆ ಅದು ಬಾಗುವುದು 8 ಮಡಿ, ತನ್ನ ಸ್ವಂತ ತೂಕಕ್ಕೆ ಬಾಗುವುದು 16 ಮಡಿ. ಮನುಷ್ಯನಂತೆ ಕೋಲೂ ಪರರ ಭಾರಕ್ಕಿಂತ ತನ್ನ ಭಾರಕ್ಕೇ ಹೆಚ್ಚು ಬಾಗುತ್ತದೆಂದು ಇಲ್ಲಿ ಯಾರಾದರೂ ಉಪನ್ಯಾಸ ಕೊಟ್ಟಾರು. ನಮಗೆ ಅಷ್ಟು ಪುರುಸೊತ್ತಿಲ್ಲ. ಗೋಡೆಗೆ ತೀರ ಹತ್ತಿರ ನಿಂತರೆ ಕೋಲು ಗೋಡೆಗೆ ಸಮಾಂತರವಾಗಿ, ಮೇಲಕ್ಕೆ ನೂಕಿದ ಬಲವೆಲ್ಲ ಮೇಲಕ್ಕೇ ಹೋಗಿ ಗಾಜನ್ನು ಒತ್ತಲು ಏನೂ ಉಳಿಯದು. ತೀರ ದೂರ ನಿಂತರೆ ಕೋಲು ಓಲಾಡುವುದು, ಬೆನ್ನಿಗೆ ಕಾಂಪೌಂಡು ತಗಲುವುದು. ಕಾರ್ಬನ್ ನಾರಿನ ಕೋಲು ಹಗುರ, ಬಿಗುವು ಹೆಚ್ಚು. ಆದರೆ ಅದು ವಿದ್ಯುದ್ವಾಹಕ. ಮನೆಯ ಮುಂದೆ ವಿದ್ಯುತ್ ತಂತಿ ಹಾದುಹೋಗಿರುವವರು ಈ ವಾಕ್ಯವನ್ನು ಹಾಸ್ಯವೆಂದು ಬಗೆಯಕೂಡದು.

ವಿಧಿಯಾದರೋ ಹೀಗಿದೆ. ಬಕೆಟ್ಟಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ನಾಲ್ಕು ತೊಟ್ಟು ಬೆರೆಸಿ, ನಯವಾದ ತುಪ್ಪಳದ ತೋಳು ತೊಡಿಸಿದ ಅಡ್ಡಪಟ್ಟಿಯಿಂದ ಗಾಜನ್ನು ತೋಯಿಸಿ ಉಜ್ಜಿ, ಅನಂತರ ಸ್ಕ್ವೀಜಿಯನ್ನು ಮೇಲಂಚಿನಿಂದ ಕೆಳಕ್ಕೆ ಒಂದೇ ಸೆಳೆತದಲ್ಲಿ ಎಳೆದು, ಮುಂದಿನ ಎಳೆತವು ಹಿಂದಿನದರ ಮೇಲೆ ಎರಡು ಬೆರಳಷ್ಟು ಹಾಯುವಂತೆ ನೋಡಿಕೊಳ್ಳತಕ್ಕದ್ದು. ಕೈಯಲ್ಲಿ ಹಿಡಿದು ಒರೆಸುವ ನುರಿತವರು ಹಾವಿನ ನಡಿಗೆಯಂತೆ ಬಳುಕಿಸುವ ಎಳೆತವನ್ನು ಕೋಲಿನಲ್ಲಿ ಅನುಕರಿಸಹೊರಟರೆ ಅಲಗು ನಡುವೆ ಮಗುಚಿಕೊಳ್ಳುವುದು. ರಬ್ಬರಿನ ಅಂಚು ದುಂಡಗಾದೊಡನೆ ಮಗ್ಗುಲು ತಿರುಗಿಸಬೇಕು. ಇಲ್ಲದಿದ್ದರೆ ನೀರನ್ನು ಕೆಳಗಿಳಿಸುವ ಬದಲು ಹಂಚುವುದಷ್ಟೇ ಆದೀತು. ಕೋಲನ್ನೆತ್ತಿದ ಮೊದಲ ಗಳಿಗೆಯಲ್ಲಿಯೇ ಒಂದು ತಣ್ಣನೆಯ ಧಾರೆ ಕೋಲಿನ ಮೈಯನ್ನು ಹಿಡಿದು ಇಳಿದು, ಮಣಿಕಟ್ಟನ್ನು ದಾಟಿ, ಅಂಗಿಯ ತೋಳಿನೊಳಗೆ ಕಂಕುಳವರೆಗೆ ಸಂಚರಿಸುತ್ತದೆ. ಇದಕ್ಕೆ ಪರಿಹಾರ ಯಾವ ಗ್ರಂಥದಲ್ಲಿಯೂ ಉಕ್ತವಾಗಿಲ್ಲ.

ಬೆಂಗಳೂರಿನ ಕೊಳವೆಬಾವಿಯ ಗಡಸುನೀರು ಆರಿದ ಮೇಲೆ ಉಳಿಸುವ ಸುಣ್ಣದ ಬಿಳಿಕಲೆ ಪ್ರಸಿದ್ಧವಷ್ಟೆ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಮ್ ಮೀರದಿರಲಿ, ಬೇರೆ ಗತಿಯಿಲ್ಲದಿದ್ದರೆ 2000ದವರೆಗೆ ನಡೆದೀತೆಂದು ಭಾರತೀಯ ಮಾನಕ ಹೇಳುತ್ತದೆ. ಮನುಷ್ಯನ ಹೊಟ್ಟೆಗೆ ತೋರಿದ ಈ ಸಲಿಗೆಯನ್ನು ಗಾಜಿಗೆ ತೋರುವಂತಿಲ್ಲ. ಆದ್ದರಿಂದಲೇ ವಿಲಾಯಿತಿಯ ಆರ್ದ್ರ ಸಂಪ್ರದಾಯದವರು, ಲವಣಗಳನ್ನು ಸೊನ್ನೆಯ ಸಮೀಪಕ್ಕಿಳಿಸಿದ ಶುದ್ಧಜಲವನ್ನು ಕೋಲಿನೊಳಗಿನಿಂದಲೇ ಕುಂಚಕ್ಕೆ ಹರಿಸಿ, ತೊಳೆದು, ಒರೆಸದೆ ಹೊರಟುಹೋಗುತ್ತಾರೆ. ನೀರು ಆರುವುದು, ಕಲೆ ಉಳಿಯದು. ಶುಷ್ಕ ಸಂಪ್ರದಾಯದ ನಾವು ಇದನ್ನು ಅಸೂಯೆಯಿಂದಲ್ಲದೆ ಸಿದ್ಧಾಂತದಿಂದ ಖಂಡಿಸಲಾರೆವು.

ಈಗ ಶಾಸ್ತ್ರದ ಹೃದಯಭಾಗ: ಗಾಜು ಶುಭ್ರವಾಯಿತೆಂಬ ಜ್ಞಾನ ಯಾವ ಪ್ರಮಾಣದಿಂದ? ಶುಭ್ರತೆಯೆಂದರೆ ಕೊಳೆಯ ಅಭಾವ. ಅಭಾವವನ್ನರಿಯಲು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೊಪ್ಪಿದರು. ನೈಯಾಯಿಕರು ಅಭಾವವೂ ಪ್ರತ್ಯಕ್ಷವೇ ಎಂದು ಹಟಹಿಡಿದರು. ಆದರೆ ಕಾಣಬಹುದಾದದ್ದು ಕಾಣದಿದ್ದರೆ ಮಾತ್ರ ಅದು ಇಲ್ಲವೆನ್ನಬಹುದೇ ಹೊರತು, ಕತ್ತಲಲ್ಲಿ ಮಡಕೆ ಕಾಣಲಿಲ್ಲವೆಂದು ಮಡಕೆಯೇ ಇಲ್ಲವೆನ್ನಲಾಗದು. ಕೆಳಗೆ ನಿಂತು ಓರೆಯಾಗಿ ನೋಡುವವನಿಗೆ ಗಾಜಿನಲ್ಲಿ ಆಕಾಶವೇ ಪ್ರತಿಫಲಿಸುವುದರಿಂದ ಕೊಳೆ ಅವನಿಗೆ ದರ್ಶನಯೋಗ್ಯವೇ ಅಲ್ಲ. ಮಾಡುವವನು ಕಾಣನು, ಕಾಣುವವಳು ಒಳಗಿದ್ದಾಳೆ. ಹೀಗಾಗಿ ಗತಿಯಿರುವುದು ಶಬ್ದಪ್ರಮಾಣವೊಂದೇ, ಅಂದರೆ ಕಿಟಕಿಯೊಳಗಿನ ಗೃಹಿಣಿಯ ಆಪ್ತವಾಕ್ಯ.

ಆ ವಾಕ್ಯವು ಸಾಮಾನ್ಯವಾಗಿ "ಇನ್ನೂ ಸ್ವಲ್ಪ ಎಡಕ್ಕೆ, ಅಯ್ಯೋ ಆ ಎಡ ಅಲ್ಲಾರೀ!" ಎಂಬ ರೂಪದಲ್ಲಿರುತ್ತದೆ. ಎದುರುಬದುರಾಗಿ ನಿಂತವರ ಎಡಬಲಗಳು ಅದಲುಬದಲಾಗುವುದರಿಂದ, ವಕ್ತೃವಿನ ಎಡವೋ ಶ್ರೋತೃವಿನ ಎಡವೋ ಎಂಬ ಸಂಶಯ ಹುಟ್ಟಿ, ಕೋಲು ಆಕಾಶದಲ್ಲಿ ಕೆಲಕಾಲ ತ್ರಿಶಂಕುವಾಗುವುದು. ತೆಂಗಿನಮರದ ಕಡೆ, ಎದುರುಮನೆಯ ಟ್ಯಾಂಕಿನ ಕಡೆ ಎಂದು ಸ್ಥಿರವಸ್ತುಗಳಿಂದ ದಿಕ್ಕನ್ನು ನಿರ್ದೇಶಿಸತಕ್ಕದ್ದೆಂಬುದು ನಮ್ಮ ಸಿದ್ಧಾಂತ. ಇದಕ್ಕಿಂತ ತೊಡಕಿನದು, ಕಲೆ ಗಾಜಿನ ಯಾವ ಮೈಯದೆಂಬ ಪ್ರಶ್ನೆ. ದೇಹಲೀದೀಪದಂತೆ ಕಲೆಯೂ ಒಳಹೊರಗೆರಡಕ್ಕೂ ಸಲ್ಲುವುದರಿಂದ, ಒಳಗಿನವರು ಅದು ಹೊರಗಿನದೆನ್ನುತ್ತಾರೆ, ಹೊರಗಿನವರು ಒಳಗಿನದೆನ್ನುತ್ತಾರೆ. ಗೃಹಿಣಿಯು ಬೆರಳಿಗೆ ಉಗುಳು ಹಚ್ಚಿ ಒಳಗಿನಿಂದ ಒಮ್ಮೆ ಉಜ್ಜಿನೋಡಿದ ಮೇಲೆಯೇ ಕೋಲನ್ನೆತ್ತಬೇಕೆಂದು ವಿಧಿಸಿದರೆ ಅರ್ಧ ಪರಿಶ್ರಮ ಉಳಿದೀತು. ವಿಧಿಸುವ ಧೈರ್ಯವುಳ್ಳ ಸ್ಮೃತಿಕಾರನು ಇನ್ನೂ ಹುಟ್ಟಬೇಕಾಗಿದೆ.

ಕಾಲನಿರ್ಣಯವನ್ನು ಸಂಕ್ಷೇಪವಾಗಿ ಹೇಳುವುದಾದರೆ, ನೆತ್ತಿಯ ಬಿಸಿಲು ನಿಷಿದ್ಧ, ಏಕೆಂದರೆ ಅಲಗು ಬರುವ ಮೊದಲೇ ಸಾಬೂನುನೀರು ಗಾಜಿಗೆ ಆರಿಕೊಳ್ಳುವುದು. ಕೆಳಗೆ ಸಂಡಿಗೆ ಒಣಹಾಕಿರುವ ದಿನ ಮಹಾನಿಷಿದ್ಧ. ಮಾಲೀಕನು ಕೆಳಗೂ ಬಾಡಿಗೆದಾರನು ಮೇಲೂ ವಾಸಿಸುವ ಮನೆಗಳಲ್ಲಿ, ಗಾಜಿನ ಹೊರಮೈಯ ಧೂಳು ಯಾರ ಸ್ವತ್ತೆಂಬುದನ್ನು ಹನ್ನೊಂದು ತಿಂಗಳ ಕರಾರುಪತ್ರಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಬಾಡಿಗೆದಾರನು ಒರೆಸಲು ಅಂಗಳಕ್ಕಿಳಿದರೆ ಅದು ಮಾಲೀಕನ ಅಂಗಳ. ಮಾಲೀಕನು ಒರೆಸಹೊರಟರೆ ಶಬ್ದಪ್ರಮಾಣವು ಬಾಡಿಗೆದಾರನ ಮನೆಯೊಳಗಿರುತ್ತದೆ, ಅವಳು ಆ ಹೊತ್ತಿಗೆ ಆಫೀಸಿಗೆ ಹೋಗಿರುತ್ತಾಳೆ. ಭಾನುವಾರ ಬೆಳಿಗ್ಗೆ, ಸಂಡಿಗೆ ಹರಡುವುದಕ್ಕೆ ಮುಂಚೆ, ಕೋಲು ಮಾಲೀಕನದೂ ನೀರು ಬಾಡಿಗೆದಾರನದೂ ಆಗಿ, ಉಭಯರ ಸಮ್ಮುಖದಲ್ಲಿ ಈ ಕರ್ಮವನ್ನು ನೆರವೇರಿಸತಕ್ಕದ್ದೆಂದು ನಾವು ತೀರ್ಪಿತ್ತಿದ್ದೇವೆ. ಸ್ಕ್ವೀಜಿಯಿಂದ ತೊಟ್ಟಿಕ್ಕಿದ ನೀರು ಕೆಳಗೆ ನಿಲ್ಲಿಸಿದ ಸ್ಕೂಟರಿನ ಮೇಲೆ ಬಿದ್ದರೆ, ಅದನ್ನು ಒರೆಸುವ ಭಾರ ಅದರ ಒಡೆಯನದೇ.