ಹದಿನಾರನೆಯ ಗಂಟೆ

ಜರ್ಮನಿಯ ಪ್ರಾಧ್ಯಾಪಕರಿಗೆ ಸಂಬಳ ಏರಿಸಿಕೊಳ್ಳಲು ಒಂದು ಉಪಾಯವಿದೆ. ಬೇರೊಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವುದು, ಅಲ್ಲಿಂದ ‘ಬನ್ನಿ’ ಎಂಬ ಪತ್ರ ತರಿಸಿಕೊಳ್ಳುವುದು, ಅದನ್ನು ಹಿಡಿದು ತಮ್ಮವರ ಎದುರು ಕೂತು ‘ಹೋಗಲೋ, ಇರಲೋ?’ ಎಂದು ಕೇಳುವುದು. ಇರುವುದಕ್ಕೆ ಅಲ್ಲಿ ಪ್ರತ್ಯೇಕ ಭತ್ಯೆಯೇ ಉಂಟು! ಮೂಲವೇತನ ಸರ್ಕಾರದ ಕೋಷ್ಟಕದಲ್ಲಿರುತ್ತದೆ, ಡಬ್ಲ್ಯೂ-2, ಡಬ್ಲ್ಯೂ-3 ಎಂದು, ಮೇಲಿನದು ಚೌಕಾಸಿ. ಮೂಲವೇತನವೇ ಸಾಲದೆಂದು ಮಾರ್ಬುರ್ಗಿನ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಕೋರ್ಟಿಗೆ ಹೋದರು. 2012ರ ಫೆಬ್ರುವರಿಯಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಹೆಸ್ಸೆ ರಾಜ್ಯದ ಡಬ್ಲ್ಯೂ-2 ಸಂಬಳ ತೀರಾ ಕಡಿಮೆ, ಹಾಗಾಗಿ ಸಂವಿಧಾನಕ್ಕೇ ವಿರುದ್ಧ ಎಂದಿತು.

ಬಿಣಗಾದಲ್ಲಿ ಬೆಳಿಗ್ಗೆ ಕಾರವಾರದ ಬಸ್ಸಿಗೆ ಕಾಯುವ ಅತಿಥಿ ಉಪನ್ಯಾಸಕರೊಬ್ಬರಿಗೆ ಈ ಕತೆ ಹೇಳಿದೆ. ಅವರಿಗೆ ನೆಟ್ ಆಗಿದೆ, ಪಿಎಚ್.ಡಿ. ಆಗಿದೆ, ಮದುವೆ ಆಗಿಲ್ಲ. ‘ನಾನೂ ಒಮ್ಮೆ ಬಿಟ್ಟು ಹೋಗ್ತೇನೆ ಅಂತ ಹೇಳಿ ನೋಡಿದ್ದೆ ಮಾರಾಯ್ರೆ. ಯಾವತ್ತು ಅಂತ ಕೇಳಿದ್ರು. ಲಿಸ್ಟಲ್ಲಿ ಮುಂದಿನವರಿಗೆ ಫೋನ್ ಮಾಡ್ಬೇಕಿತ್ತಂತೆ’ ಎಂದರು.

ಇವರ ಲೆಕ್ಕ ಸ್ವಾರಸ್ಯದ್ದು. ಯುಜಿಸಿ ನಿಯಮದ ಪ್ರಕಾರ ಖಾಯಂ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಆರಂಭದ ಮೂಲವೇತನ 57,700 ರೂಪಾಯಿ; ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಬೇರೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ 2022ರಲ್ಲಿ ಗೊತ್ತುಮಾಡಿದ ಕಾರ್ಯಭಾರ ವಾರಕ್ಕೆ 15 ಗಂಟೆ. ಯುಜಿಸಿ ಅರ್ಹತೆ, ಐದು ವರ್ಷಕ್ಕೂ ಮಿಕ್ಕಿದ ಅನುಭವ ಎರಡೂ ಇದ್ದವರಿಗೆ ಆಗ 32,000. ಅದೇ ಕೊಠಡಿ, ಅದೇ ಪಠ್ಯ, ಕೊನೆಯ ಬೆಂಚಿನಲ್ಲಿ ಅದೇ ಹುಡುಗರು. ಹಾಗಿದ್ದರೆ ಉಳಿದ 25,700 ರೂಪಾಯಿ ಹದಿನಾರನೆಯ ಗಂಟೆಯದೇ ಆಗಿದ್ದಿರಬೇಕು. ಆ ಒಂದು ಗಂಟೆಯಲ್ಲಿ ಎಂಥ ಪಾಠ ನಡೆಯುತ್ತದೋ, ಒಮ್ಮೆ ಹೋಗಿ ಕೂತು ಕೇಳುವ ಆಸೆ ನನಗಿದೆ.

ಆ 32,000 ಬಂದ ಬಗೆಯಂತೂ ಅರ್ಥಶಾಸ್ತ್ರದ ಪಠ್ಯಕ್ಕೆ ಸೇರಬೇಕಾದದ್ದು. ಅದಕ್ಕೆ ಮೊದಲು ಸಿಗುತ್ತಿದ್ದುದು 11ರಿಂದ 13 ಸಾವಿರ, ವಾರಕ್ಕೆ ಎಂಟು–ಹತ್ತು ಗಂಟೆ ಪಾಠ. ಸರ್ಕಾರ ಒಂದೇ ಏಟಿಗೆ ದುಪ್ಪಟ್ಟಿಗೂ ಹೆಚ್ಚು ಮಾಡಿತು. ಸಿಹಿ ಹಂಚಿದ್ದೂ ಆಯಿತು. ಆಮೇಲೆ ಗೊತ್ತಾಯಿತು, ಗಂಟೆ ಹದಿನೈದಾದರೆ ಮೂವರ ಪಾಠ ಇಬ್ಬರೇ ಮುಗಿಸಬಹುದು ಎಂದು. ಏರಿಕೆಯ ಒಂದು ಪಾಲನ್ನು ಬೊಕ್ಕಸ ಕೊಟ್ಟಿತು. ಇನ್ನೊಂದು ಪಾಲನ್ನು ಸ್ಟಾಫ್ ರೂಮಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದವರು ಎದ್ದು ಹೋಗಿ ಕೊಟ್ಟರು. ಜರ್ಮನಿಯಲ್ಲಿ ಸಂಬಳ ಏರಬೇಕಾದರೆ ತಾನು ಹೋಗುತ್ತೇನೆ ಅನ್ನಬೇಕು, ಇಲ್ಲಿ ಇನ್ನೊಬ್ಬ ನಿಜವಾಗಿ ಹೋಗಬೇಕು. ಅತಿಥಿಗಳಿಗೆ ಪಾಠವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ 50,000 ಮೀರದಂತೆ ಕೊಡಿ ಎಂದು ಯುಜಿಸಿ 2019ರಲ್ಲೇ ಹೇಳಿತ್ತು. ಮೀರದಂತೆ ಎಂಬ ಮಾತನ್ನು ಮಾತ್ರ ಶ್ರದ್ಧೆಯಿಂದ ಪಾಲಿಸಲಾಗಿದೆ.

ಜರ್ಮನಿಯೇನು ಸ್ವರ್ಗವಲ್ಲ ಬಿಡಿ. ಅಲ್ಲಿ ಪ್ರಿವಾಟ್‌ಡೋಜೆಂಟ್ ಎಂಬ ಒಂದು ವರ್ಗವಿದೆ. ಆ ಪದವಿ ಉಳಿಸಿಕೊಳ್ಳಲು ಅವರು ಬಿಟ್ಟಿ ಪಾಠ ಮಾಡುತ್ತಲೇ ಇರಬೇಕು. ಈ ಸಂಗತಿ ನಮ್ಮ ಇಲಾಖೆಯ ಕಿವಿಗೆ ಬೀಳದಿರಲಿ.

ನಮ್ಮ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ ಬಲ್ಲಾರ್‌ಪುರ, ಸೋಲಾರಿಸ್, ಬಿರ್ಲಾ ಎಂದು ಕೈ ಬದಲಿಸುತ್ತ ಬಂತು. ಮಾಲೀಕ ಬದಲಾದರೆ ಕಾರ್ಮಿಕನ ಹಳೆಯ ಸೇವೆಗೆ ಕಾನೂನಿನ ಒಂದಿಷ್ಟು ರಕ್ಷಣೆಯಾದರೂ ಉಂಟು. ಅತಿಥಿ ಉಪನ್ಯಾಸಕರಿಗೆ ಮಾಲೀಕ ಬದಲಾಗುವುದೇ ಇಲ್ಲ, ಆದರೂ ಮತ್ತೆ ಮತ್ತೆ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ಹಳೆಯ ಸೇವೆ ಆಯ್ಕೆಪಟ್ಟಿಯ ಅಂಕಕ್ಕುಂಟು, ಹಕ್ಕಿಗಿಲ್ಲ. ಅಂಕೋಲೆಯ ಕರಿ ಇಶಾಡ ಮಾವಿಗೂ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅದು ಈ ನೆಲದ್ದೇ ಎಂದು ಸರ್ಕಾರ ಒಪ್ಪಿದೆ. ಹದಿನೈದು ವರ್ಷ ಪಾಠ ಹೇಳಿದವರು ಈಗಲೂ ಅತಿಥಿಗಳೇ.

ಅದೇ 2023ರ ನವೆಂಬರಿನಲ್ಲಿ ಅವರು ತರಗತಿ ಬಿಟ್ಟು ಮುಷ್ಕರಕ್ಕೆ ಕೂತರು. ಖಾಯಂ ಮಾಡಿ ಎಂದು ಕೇಳಿದರು. ಸೇವಾವಧಿ ನೋಡಿ ಐದರಿಂದ ಎಂಟು ಸಾವಿರ ಹೆಚ್ಚಿಗೆ ಸಿಕ್ಕಿತು. 2024ರ ಹೊಸವರ್ಷದ ದಿನ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆಯನ್ನೂ ಹೊರಟರು. ಸಂಬಳದ ಮಾತುಕತೆ ಜರ್ಮನರಿಗೆ ಕೋಣೆಯೊಳಗೆ ಮುಗಿಯುತ್ತದೆ, ನಮ್ಮವರಿಗೆ ರಾಷ್ಟ್ರೀಯ ಹೆದ್ದಾರಿಯೇ ಬೇಕು. ಮುಂದಿನ ಸಲ ಬಿಣಗಾದಿಂದಲೇ ಹೊರಡೋಣವೇ ಎಂದು ಬಸ್ಸಿಗೆ ಕಾಯುವ ನಮ್ಮ ಡಾಕ್ಟರರನ್ನು ಕೇಳಿದೆ. ಹೆದ್ದಾರಿ ಮನೆಬಾಗಿಲಲ್ಲೇ ಇದೆ, ಅಂಕೋಲೆ ದಾಟಿ ಅರಬೈಲು ಘಟ್ಟ ಹತ್ತಿದರೆ ಉಳಿದದ್ದು ಬಯಲು. ಒಟ್ಟು ಐನೂರು ಕಿಲೋಮೀಟರಿನ ಆಸುಪಾಸು.

‘ಪರೀಕ್ಷೆ ಮುಗಿಸಿ, ರಜೆ ಬಿದ್ದ ಮೇಲೆ ಹೊರಡುವ’ ಎಂದರು. ‘ಆ ತಿಂಗಳು ಹೇಗೂ ಸಂಬಳ ಇಲ್ಲ.’